577501 ಅವಿಭಾಜ್ಯವೇ? ದುರ್ಗ, ದಾವಣಗೆರೆ, ಹರಿಹರದ ಪಿನ್‌ಕೋಡ್‌ಗಳನ್ನು ಒಡೆದು ನೋಡೋಣ

ಕೋಟೆಬುರುಜು (ಚಿತ್ರದುರ್ಗ)

ಚಿತ್ರದುರ್ಗದ ಪಿನ್‌ಕೋಡ್ 577501. ಇದರಲ್ಲಿ ಒಂದು ಕಳೆದರೆ 577500 = 2² × 3 × 5⁴ × 7 × 11. ಹಾಗಾಗಿ ನಮ್ಮ ಸಂಖ್ಯೆಯನ್ನು 2, 3, 5, 7, 11 ಯಾವುದರಿಂದ ಭಾಗಿಸಿದರೂ ಶೇಷ 1. ಮುಂದೆ 13ಕ್ಕೆ ಶೇಷ 2, 17ಕ್ಕೆ 11, 19ಕ್ಕೆ 15, 23ಕ್ಕೆ 17, 29ಕ್ಕೆ 24. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಸಾಧಿಸುವಾಗಲೂ ಅವಿಭಾಜ್ಯಗಳ ಗುಣಲಬ್ಧಕ್ಕೆ 1 ಕೂಡಿಸುವ ಉಪಾಯವೇ ಬರುತ್ತದೆ. ಹಾಗಾದರೆ 577501 ಅವಿಭಾಜ್ಯ ಎಂದು ಬರೆದುಬಿಡಬಹುದೇ? ಬರೆಯಬಾರದು ಎಂದಾದರೆ ಎಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕು?

ಶೇಷಶೂನ್ಯ (ದಾವಣಗೆರೆ)

ಬರೆಯಬೇಡಿ ಸರ್. ಯೂಕ್ಲಿಡ್ ಹೇಳಿದ್ದು "ಒಂದು ಕೂಡಿಸಿದ ಸಂಖ್ಯೆ ಅವಿಭಾಜ್ಯ" ಎಂದಲ್ಲ, "ಅದರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, ನಮ್ಮ ಪಟ್ಟಿಯ ಹೊರಗಿನದು" ಎಂದು. 2 × 3 × 5 × 7 × 11 × 13 + 1 = 30031. ಇದು ಅವಿಭಾಜ್ಯ ಅಲ್ಲ, 59 × 509. ನಿಮ್ಮ 577500ರಿಂದ ಗೊತ್ತಾಗುವುದು ಆ ಐದು ಅವಿಭಾಜ್ಯಗಳು ಭಾಗಿಸವು ಎಂಬುದಷ್ಟೇ.

ಎಲ್ಲಿಯವರೆಗೆ ಎಂಬುದಕ್ಕೆ ಉತ್ತರ ವರ್ಗಮೂಲದವರೆಗೆ. 577501ರ ವರ್ಗಮೂಲ 759.93ರ ಹತ್ತಿರ. ಎರಡು ಅಪವರ್ತನಗಳೂ 760 ದಾಟಿದ್ದರೆ ಗುಣಲಬ್ಧ 577600ಕ್ಕಿಂತ ಹೆಚ್ಚಾಗಬೇಕು, ಆಗಲಾರದು. ಆದ್ದರಿಂದ 757ರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ನೋಡಬೇಕು. ಅವು ಒಟ್ಟು 134. ನೀವು ನೋಡಿರುವುದು ಹತ್ತು.

ಕೈಲೆಕ್ಕದವರಿಗೆ ಎರಡು ಅಡ್ಡದಾರಿ ಇವೆ. 7 × 11 × 13 = 1001 ಆದ್ದರಿಂದ, ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ ಕಳೆಯಿರಿ: 501 − 577 = −76. 76ನ್ನು 7, 11, 13 ಯಾವುದೂ ಭಾಗಿಸುವುದಿಲ್ಲ, ಮೂರೂ ಒಂದೇ ಏಟಿಗೆ ಮುಗಿದವು. 27 × 37 = 999 ಆದ್ದರಿಂದ ಅವೇ ಗುಂಪುಗಳನ್ನು ಕೂಡಿ: 577 + 501 = 1078, ಮತ್ತೆ 1 + 78 = 79. 37ರಿಂದ ಭಾಗಿಸಿದರೆ 5 ಉಳಿಯಿತು, 37 ಕೂಡ ಹೋಯಿತು. ಕಳೆಯುವ ಗುಂಪಿಗೂ ಕೂಡುವ ಗುಂಪಿಗೂ ಅದಲುಬದಲು ಮಾಡಿದರೆ ಎರಡೂ ಉತ್ತರ ಕೆಡುತ್ತವೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ಮಂಡಿಪೇಟೆ ಲೆಕ್ಕ (ದಾವಣಗೆರೆ)

ಭಾಗಾಕಾರಕ್ಕಿಂತ ಫರ್ಮಾನ ವಿಧಾನ ಬೇಗ ಆಗುತ್ತದಲ್ಲವೇ? ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅಪವರ್ತನ ತಾನೇ ಬೀಳುತ್ತದೆ. 760² = 577600, ವ್ಯತ್ಯಾಸ 99. ಎಷ್ಟು ಹತ್ತಿರ ಐತೆ ನೋಡ್ರಿ! ಆದರೆ 99 ಪೂರ್ಣ ವರ್ಗವಲ್ಲ. 761ಕ್ಕೆ 1620, 762ಕ್ಕೆ 3143, 763ಕ್ಕೆ 4668. 780 ದಾಟಿದರೂ ಪೂರ್ಣ ವರ್ಗ ಸಿಗುತ್ತಿಲ್ಲ. ಹಾಗಾದರೆ ಅವಿಭಾಜ್ಯ ಎಂಬ ಕಡೆಗೇ ವಾಲಬಹುದಲ್ಲ?

ಗಣಿತದ ಮೇಡಂ (ಚಳ್ಳಕೆರೆ)

ವಾಲಬೇಡಿ. ಫರ್ಮಾನ ವಿಧಾನ ಬೇಗ ಮುಗಿಯುವುದು ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದಾಗ ಮಾತ್ರ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: 577501 = 271 × 2131. ಇವೆರಡರ ಸರಾಸರಿ 1201, ಅರ್ಧ ವ್ಯತ್ಯಾಸ 930. ನೀವು 760ರಿಂದ 1201ರವರೆಗೆ 442 ಸಲ ವರ್ಗ ಮಾಡಿ ನೋಡಬೇಕಿತ್ತು. 1201² − 930² = 1442401 − 864900 = 577501. ನೇರ ಭಾಗಾಕಾರದಲ್ಲಿ 271 ಬರುವುದು 58ನೇ ಅವಿಭಾಜ್ಯವಾಗಿ. ಈ ಸಂಖ್ಯೆಗೆ ಭಾಗಾಕಾರವೇ ವಾಸಿ.

ಆದರೂ ನಿಮ್ಮ ದಾರಿಯನ್ನು ಬಿಟ್ಟುಕೊಡಬೇಕಿಲ್ಲ, ತಿದ್ದಿಕೊಂಡರೆ ಸಾಕು. 1974ರಲ್ಲಿ ಲೇಮನ್ ತೋರಿಸಿದ ಕ್ರಮ ಇದು. ಮೊದಲು ಘನಮೂಲದವರೆಗೆ ಭಾಗಿಸಿ ನೋಡಿ. ಇಲ್ಲಿ ಘನಮೂಲ 83 ಚಿಲ್ಲರೆ, ಅಲ್ಲಿಯವರೆಗೆ 23 ಅವಿಭಾಜ್ಯಗಳು. ಯಾವುದೂ ಭಾಗಿಸದಿದ್ದರೆ ಸಂಖ್ಯೆಯನ್ನು 4, 8, 12, 16, 20, 24, 28, 32 ಹೀಗೆ ನಾಲ್ಕರ ಅಪವರ್ತ್ಯಗಳಿಂದ ಗುಣಿಸುತ್ತಾ, ಪ್ರತಿ ಸಲವೂ ವರ್ಗಮೂಲದ ಮುಂದಿನ ಪೂರ್ಣಾಂಕ ತೆಗೆದುಕೊಂಡು, ಅದರ ವರ್ಗದಿಂದ ಗುಣಲಬ್ಧ ಕಳೆಯಿರಿ.

4ರಿಂದ: 1520² − 2310004 = 396
8ರಿಂದ: 2150² − 4620008 = 2492
12ರಿಂದ: 2633² − 6930012 = 2677
16ರಿಂದ: 3040² − 9240016 = 1584
20ರಿಂದ: 3399² − 11550020 = 3181
24ರಿಂದ: 3723² − 13860024 = 705
28ರಿಂದ: 4022² − 16170028 = 6456
32ರಿಂದ: 4299² − 18480032 = 1369

1369 ಎಂದರೆ 37². ಆದ್ದರಿಂದ 32 × 577501 = (4299 + 37)(4299 − 37) = 4336 × 4262. 4336ರಲ್ಲಿ 16 ತೆಗೆದರೆ 271, 4262ರಲ್ಲಿ 2 ತೆಗೆದರೆ 2131. ಎಂಟನೇ ಪ್ರಯತ್ನಕ್ಕೆ ಮುಗಿಯಿತು.

32 ಏಕೆ ಒದಗಿತು? 2131ನ್ನು 271ರಿಂದ ಭಾಗಿಸಿದರೆ 7.86, ಹೆಚ್ಚು ಕಡಿಮೆ 8. 271ನ್ನು ಎಂಟು ಪಟ್ಟು ಮಾಡಿದರೆ 2168, ಅದು 2131ರ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಫರ್ಮಾನಿಗೆ ಬೇಕಾದದ್ದೇ ಈ ಸಾಮೀಪ್ಯ. ಆದರೆ 2168 ಸಮ, 2131 ಬೆಸ. ಸರಾಸರಿಯಲ್ಲಿ ಅರ್ಧ ಉಳಿಯುತ್ತದೆ. ಆ ಅರ್ಧವನ್ನು ಹೋಗಲಾಡಿಸಲು ಇನ್ನೊಂದು ನಾಲ್ಕು. ಪೂರ್ತಿ ಖಾತರಿ ಬೇಕಾದರೆ ಗುಣಕವನ್ನು ಘನಮೂಲದವರೆಗೂ, ಅಂದರೆ 4 × 83ರವರೆಗೂ ಒಯ್ಯಬೇಕು. ಶುರುವಿನ ಸಣ್ಣ ಗುಣಕಗಳಿಗೆ ಒಂದೇ ವರ್ಗ ನೋಡಿದರೆ ಸಾಲದು, ಮುಂದಿನ ಕೆಲವನ್ನೂ ನೋಡಬೇಕು.

ಪ್ರತಿ ವ್ಯತ್ಯಾಸಕ್ಕೂ ವರ್ಗಮೂಲ ಹುಡುಕುತ್ತಾ ಕೂರಬೇಡಿ. ಕೊನೆಯ ಎರಡು ಅಂಕಿ ನೋಡಿ. 92, 77, 05 ಎಂದು ಕೊನೆಯಾಗುವ ಪೂರ್ಣ ವರ್ಗವಿಲ್ಲ, ಆ ಮೂರು ಅಲ್ಲಿಗೇ ಬಿದ್ದವು. ಮಿಕ್ಕವನ್ನು ಮಾತ್ರ ಪರೀಕ್ಷಿಸಿ. 2492 ನೋಡಿ 50² ಎಂದು ಮೋಸ ಹೋಗುವವರಿದ್ದಾರೆ. 50² ಎಂದರೆ 2500.

ಶೇಷಶೂನ್ಯ (ದಾವಣಗೆರೆ)

ಮೇಡಂ ಹೇಳಿದ 271ಕ್ಕೆ ಇನ್ನೊಂದು ಬಾಗಿಲೂ ಇದೆ. 99999 = 3² × 41 × 271. ಆದ್ದರಿಂದ ಐದೈದು ಅಂಕಿಯ ಗುಂಪು ಮಾಡಿ ಕೂಡಿದರೆ 41 ಮತ್ತು 271 ಎರಡನ್ನೂ ಒಟ್ಟಿಗೆ ಪರೀಕ್ಷಿಸಬಹುದು. 577501ರಲ್ಲಿ ಬಲಗಡೆಯ ಐದು ಅಂಕಿ 77501, ಎಡಕ್ಕೆ ಉಳಿದದ್ದು 5. ಕೂಡಿದರೆ 77506 = 271 × 286.

271 ಎಂಬ ಹೆಸರೇ ಗೊತ್ತಿಲ್ಲದಿದ್ದರೂ ಸಾಗುತ್ತದೆ. 577501 ಮತ್ತು 99999ರ ಮ.ಸಾ.ಅ. ತೆಗೆಯಿರಿ:

577501 = 5 × 99999 + 77506
99999 = 1 × 77506 + 22493
77506 = 3 × 22493 + 10027
22493 = 2 × 10027 + 2439
10027 = 4 × 2439 + 271
2439 = 9 × 271 + 0

ಆರು ಸಾಲು, ಮ.ಸಾ.ಅ. 271. ಯೂಕ್ಲಿಡ್ ಭಾಗಾಕಾರವೇ ಇದು.

ಇದರ ಹಿಂದಿರುವುದು ಪೊಲಾರ್ಡ್ 1974ರಲ್ಲಿ ಕೊಟ್ಟ ತತ್ವ. 271ರಿಂದ ಒಂದು ಕಳೆದರೆ 270 = 2 × 3³ × 5, ಎಲ್ಲವೂ ಸಣ್ಣ ಅವಿಭಾಜ್ಯಗಳು. 2130ರಲ್ಲಾದರೆ 71 ಇದೆ. ಯಾವುದೋ ಆಧಾರ ಸಂಖ್ಯೆಯನ್ನು 1, 2, 3, 4 ಹೀಗೆ ಒಂದಾದ ಮೇಲೊಂದು ಘಾತಕ್ಕೆ ಏರಿಸುತ್ತಾ ಹೋದರೆ 271ರ ಕಡೆ ಬೇಗ 1 ಬರುತ್ತದೆ, 2131ರ ಕಡೆ ತಡವಾಗುತ್ತದೆ. ಆ ಅಂತರದಲ್ಲಿ ಮ.ಸಾ.ಅ. ತೆಗೆದರೆ 271 ಒಂದೇ ಹೊರಬೀಳುತ್ತದೆ. ಆಧಾರ 2 ಇದ್ದರೆ ಘಾತ 9!ರವರೆಗೆ (1ರಿಂದ 9ರವರೆಗಿನ ಸಂಖ್ಯೆಗಳ ಗುಣಲಬ್ಧದವರೆಗೆ) ಹೋಗಬೇಕು, ಏಕೆಂದರೆ 3³ ಬೇಕು, 8!ರಲ್ಲಿ 3ರ ವರ್ಗ ಮಾತ್ರ ಇದೆ. ಆಧಾರ 10 ಇದ್ದರೆ ಘಾತ 5 ಸಾಕು. ಮೇಲಿನ 99999 ಎಂದರೆ 10⁵ − 1, ಅಷ್ಟೇ. ಎಚ್ಚರ ಇರಬೇಕಾದ ಜಾಗ: ಮಧ್ಯೆ ಮಧ್ಯೆ ಮ.ಸಾ.ಅ. ನೋಡದೆ 71!ರವರೆಗೆ ಒಂದೇ ಉಸಿರಿಗೆ ಏರಿಸಿದರೆ ಎರಡೂ ಅಪವರ್ತನಗಳು ಒಟ್ಟಿಗೆ ಬಿದ್ದು, ಮ.ಸಾ.ಅ. 577501 ಎಂದೇ ಬರುತ್ತದೆ. ಕೆಲಸ ಪೂರಾ ವ್ಯರ್ಥ.

ಕೋಟೆಬುರುಜು (ಚಿತ್ರದುರ್ಗ)

ತುಂಬಾ ಉಪಕಾರ. 271 × 2131 ಗುಣಿಸಿ ತಾಳೆ ನೋಡಿದೆ, ಸರಿಯಿದೆ. ಈಗ ಇದು ಯಾವ ಯಾವ ವರ್ಗಕ್ಕೆ ಸೇರುತ್ತದೆ ಎಂದು ಪಟ್ಟಿ ಮಾಡಬಹುದಲ್ಲ? 577501ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಎರಡು ವರ್ಗಗಳ ಮೊತ್ತವಾಗಿಯೂ ಬರೆಯಬಹುದು ಎಂದುಕೊಂಡಿದ್ದೇನೆ.

ಗಣಿತದ ಮೇಡಂ (ಚಳ್ಳಕೆರೆ)

ಕೊನೆಯ ಮಾತು ತಪ್ಪು, ಅದನ್ನು ಮೊದಲು ಸರಿಮಾಡೋಣ. "4ರಿಂದ ಭಾಗಿಸಿ 1 ಉಳಿದರೆ ಎರಡು ವರ್ಗಗಳ ಮೊತ್ತ" ಎಂಬ ನಿಯಮ ಅವಿಭಾಜ್ಯಗಳಿಗೆ ಮಾತ್ರ. ಸಂಯುಕ್ತ ಸಂಖ್ಯೆಯಾದರೆ ಒಳಗಿನ ಅಪವರ್ತನಗಳನ್ನು ನೋಡಬೇಕು. ಅದರಲ್ಲಿ 4ರಿಂದ ಭಾಗಿಸಿ 3 ಉಳಿಯುವ ಅವಿಭಾಜ್ಯವೊಂದು ಬೆಸ ಘಾತದಲ್ಲಿದ್ದರೆ ಆಯಿತು, ಎರಡು ವರ್ಗಗಳ ಮೊತ್ತ ಸಾಧ್ಯವೇ ಇಲ್ಲ. 271 = 4 × 67 + 3. 2131 = 4 × 532 + 3. ಎರಡೂ 3 ಉಳಿಸುವಂಥವು; 3 × 3 = 9, ಅದರ ಶೇಷ 1. ನಿಮ್ಮನ್ನು ದಾರಿ ತಪ್ಪಿಸಿದ್ದು ಆ 1. ಹೊರಗಿನಿಂದ ಒಂದು ಬಗೆ ಕಾಣುತ್ತದೆ, ಒಳಗಿನ ಸುತ್ತಿಗೆ ಹೋದಾಗಲೇ ನಿಜ ಗೊತ್ತಾಗುವುದು.

ಈಗ ಪಟ್ಟಿ. 577501 ಬೆಸ, ಸಂಯುಕ್ತ, ಎರಡೇ ಅವಿಭಾಜ್ಯಗಳ ಗುಣಲಬ್ಧ. ಇಂಥದ್ದನ್ನು ಸೆಮಿಪ್ರೈಮ್ ಎನ್ನುತ್ತಾರೆ. ಯಾವ ಅವಿಭಾಜ್ಯವೂ ಎರಡು ಸಲ ಬರುವುದಿಲ್ಲ, ಆದ್ದರಿಂದ ವರ್ಗಮುಕ್ತ. ಭಾಜಕಗಳು ನಾಲ್ಕು: 1, 271, 2131, 577501. ಇವುಗಳ ಮೊತ್ತ 272 × 2132 = 579904. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಬರೀ 2403, ಹಾಗಾಗಿ ನ್ಯೂನ ಸಂಖ್ಯೆ, ಅದೂ ಬಹಳ ನ್ಯೂನ. ಇದಕ್ಕಿಂತ ಚಿಕ್ಕದಾಗಿದ್ದು ಇದರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು, ಅಂದರೆ ಆಯ್ಲರ್ ಫಂಕ್ಷನ್ನಿನ ಬೆಲೆ, 270 × 2130 = 575100. 270 ಮತ್ತು 2130ರ ಲ.ಸಾ.ಅ. 19170, 577501ರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆಯನ್ನು ಈ ಘಾತಕ್ಕೇರಿಸಿದರೂ ಶೇಷ 1.

ನನಗೆ ತುಂಬ ಇಷ್ಟವಾದ ಗುಣ ಬೇರೆಯೇ ಇದೆ. ಎರಡು ಬೇರೆ ಬೇರೆ ಅವಿಭಾಜ್ಯಗಳು, ಎರಡೂ 4ರಿಂದ ಭಾಗಿಸಿದಾಗ 3 ಉಳಿಸುವಂಥವು: ಇಂಥ ಗುಣಲಬ್ಧಕ್ಕೆ ಮ್ಯಾನ್ಯುಯೆಲ್ ಬ್ಲಮ್ ಹೆಸರಿನಲ್ಲಿ ಬ್ಲಮ್ ಪೂರ್ಣಾಂಕ ಎನ್ನುತ್ತಾರೆ. ಇದರಲ್ಲಿ ಯಾವ ವರ್ಗಶೇಷಕ್ಕೂ (ಯಾವುದೋ ಸಂಖ್ಯೆಯ ವರ್ಗವನ್ನು ಇದರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೂ) ಇರುವ ನಾಲ್ಕು ವರ್ಗಮೂಲಗಳಲ್ಲಿ ಒಂದೇ ಒಂದು ತಾನೂ ವರ್ಗಶೇಷವಾಗಿರುತ್ತದೆ. ಆದ್ದರಿಂದ ವರ್ಗ ಮಾಡುತ್ತಾ ಮುಂದೆ ಹೋದ ದಾರಿಯಲ್ಲಿ ಗೊಂದಲವಿಲ್ಲದೆ ಹಿಂದಿರುಗಬಹುದು, ಅಪವರ್ತನ ಗೊತ್ತಿದ್ದವರು ಮಾತ್ರ. 1986ರಲ್ಲಿ ಪ್ರಕಟವಾದ ಬ್ಲಮ್–ಬ್ಲಮ್–ಶಬ್ ಯಾದೃಚ್ಛಿಕ ಬಿಟ್ ವಿಧಾನ ನಿಂತಿರುವುದು ಇದೇ ಗುಣದ ಮೇಲೆ. ಆರು ಅಂಕಿಯ ಸಂಖ್ಯೆ ಗುಟ್ಟು ಕಾಯಲು ಸಾಲದು, ಕಲಿಯಲು ಬೇಕಾದಷ್ಟಾಯಿತು.

ಮಂಡಿಪೇಟೆ ಲೆಕ್ಕ (ದಾವಣಗೆರೆ)

ದಾವಣಗೆರೆಯನ್ನೂ ಬಿಡೋದು ಬೇಡ. 577001 = 23 × 25087. ಇಲ್ಲಿ 23ಕ್ಕೇ ಒಡೆಯಿತು: 23 × 25000 = 575000, 23 × 87 = 2001. ಉಳಿದ 25087 ಅವಿಭಾಜ್ಯ. ಅದರ ವರ್ಗಮೂಲ 158.4, ಆದ್ದರಿಂದ 157ರವರೆಗೆ ನೋಡಿದರೆ ಸಾಕು. 577001ರ ವರ್ಗಮೂಲದವರೆಗೆ ಹೋಗುವ ಅಗತ್ಯವಿಲ್ಲ. ಒಂದು ಅಪವರ್ತನ ಸಿಕ್ಕ ಕೂಡಲೇ ಉಳಿದದ್ದರ ವರ್ಗಮೂಲಕ್ಕೆ ಮಿತಿ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸುಮ್ಮನೆ ಮೈನೋವು.

23ಕ್ಕೂ 25087ಕ್ಕೂ 4ರ ಶೇಷ 3. ಅಂದಮೇಲೆ ಮೇಡಂ, ನಮ್ಮೂರಿನದೂ ಬ್ಲಮ್ ಪೂರ್ಣಾಂಕವೇ!

ಹೊಸದುರ್ಗದವ (ಹೊಸದುರ್ಗ)

ನಮ್ಮ 577527 ಅಂಕಿಗಳ ಮೊತ್ತ 33, ಮೂರರಿಂದಲೇ ಹೋಯಿತು. ಚಳ್ಳಕೆರೆ 577522, ಹೊಳಲ್ಕೆರೆ 577526, ಜಗಳೂರು 577528 ಮೂರೂ ಸಮ. ಮೊಳಕಾಲ್ಮುರು 577535 ಐದರಲ್ಲಿ ಹೋಗುತ್ತದೆ. ಚನ್ನಗಿರಿ 577213 ನೋಡಲು ಗಟ್ಟಿ, ಆದರೆ 7 × 82459.

ಅದಿರಲಿ, 577 ಎಂಬ ಆರಂಭ ಎಲ್ಲರಿಗೂ ಒಂದೇ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗ ಮೊದಲ ಮೂರು ಅಂಕಿ ಟಪಾಲು ವಿಂಗಡಣೆಯ ಜಿಲ್ಲೆಗೆ, ಕೊನೆಯ ಮೂರು ಅಂಚೆ ಕಚೇರಿಗೆ ಎಂದಾಯಿತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿ ಇವತ್ತಿಗೂ 5772 ಎಂದೇ ಶುರುವಾಗುವುದು ಅದಕ್ಕೆ.

577 ಸ್ವತಃ ಅವಿಭಾಜ್ಯ, 24² + 1. ಬೌಧಾಯನ ಶುಲ್ಬಸೂತ್ರದಲ್ಲಿ √2ಕ್ಕೆ ಕೊಟ್ಟ ಬೆಲೆ 1 + 1/3 + 1/(3×4) − 1/(3×4×34). ಕೂಡಿ ಕಳೆದರೆ 577/408. ಪರೀಕ್ಷೆ ಮಾಡಿ: 577² = 332929, 2 × 408² = 332928. ಒಂದೇ ಒಂದು ಹೆಚ್ಚು.

ನನ್ನ ಪ್ರಶ್ನೆ ಏನೆಂದರೆ, 577001, 577101, 577201 ಹೀಗೆ ನೂರು ನೂರರ ಏರಿಕೆಯಲ್ಲಿ ಊರುಗಳು ಬರುತ್ತವಲ್ಲ, ಅವೆಲ್ಲವನ್ನೂ ಒಟ್ಟಿಗೆ ಒಡೆಯಲು ಸಾಧ್ಯವೇ?

ಶೇಷಶೂನ್ಯ (ದಾವಣಗೆರೆ)

ಒಳ್ಳೆಯ ಪ್ರಶ್ನೆ. ಇದು ಸಾಮಾನ್ಯ ವ್ಯತ್ಯಾಸ 100 ಇರುವ ಸಮಾಂತರ ಶ್ರೇಢಿ. ಪ್ರತಿಯೊಂದನ್ನೂ ಬೇರೆ ಬೇರೆ ಭಾಗಿಸಬೇಕಿಲ್ಲ. 577001ರ ಶೇಷ ಒಂದು ಸಲ ತೆಗೆಯಿರಿ, ಆಮೇಲೆ 100ರ ಶೇಷ ಕೂಡಿಸುತ್ತಾ ಹೋಗಿ.

17ಕ್ಕೆ: 577001ರ ಶೇಷ 4, 100ರ ಶೇಷ 15, ಅಂದರೆ −2. ಆದ್ದರಿಂದ 4, 2, 0. ಮೂರನೇ ಪದ 577201 ಬಿತ್ತು.
19ಕ್ಕೆ: ಶೇಷ 9, ಏರಿಕೆ 5. 9, 14, 19. ಮತ್ತೆ 577201.
47ಕ್ಕೆ: ಶೇಷ 29, ಏರಿಕೆ 6. 29, 35, 41, 47. ನಾಲ್ಕನೆಯದು ಬಿತ್ತು.
271ಕ್ಕೆ: ಶೇಷ 42, ಏರಿಕೆ 100. 42, 142, 242, 71, 171, 0. ಆರನೆಯದು, ನಮ್ಮ ಚಿತ್ರದುರ್ಗ.

ಪೂರ್ತಿ ಫಲ ಹೀಗೆ:

577001 ದಾವಣಗೆರೆ = 23 × 25087
577101 ಚಿಕ್ಕಮಗಳೂರು = 3 × 7 × 27481
577201 ಶಿವಮೊಗ್ಗ = 17 × 19 × 1787
577301 ಭದ್ರಾವತಿ = 47 × 71 × 173
577401 ಸಾಗರ = 3 × 11 × 17497
577501 ಚಿತ್ರದುರ್ಗ = 271 × 2131
577601 ಹರಿಹರ = ?

ಮಧ್ಯದ ನಾಲ್ಕೂ ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ಇವಕ್ಕೆ ಸ್ಫೀನಿಕ್ ಸಂಖ್ಯೆ ಎಂದು ಹೆಸರು. ಶ್ರೇಢಿಯಲ್ಲಿ ನಾಲ್ಕು ಸಾಲಾಗಿ ಸ್ಫೀನಿಕ್ ಬಂದಿರುವುದು ಚೆಂದವಾಗಿದೆ. 100ನ್ನು 3ರಿಂದ ಭಾಗಿಸಿದರೆ 1 ಉಳಿಯುವುದರಿಂದ ಪ್ರತಿ ಮೂರರಲ್ಲಿ ಒಂದು ಪದ 3ರ ಪಾಲು: ಇಲ್ಲಿ ಚಿಕ್ಕಮಗಳೂರು, ಸಾಗರ. ಹಾಗಾಗಿ ಈ ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಅವಿಭಾಜ್ಯಗಳು ಒತ್ತೊತ್ತಾಗಿ ಬರಲಾರವು. ಆದರೂ 01 ಎಂದು ಕೊನೆಯಾಗುವ ಅವಿಭಾಜ್ಯಗಳಿಗೆ ಅಂತ್ಯವಿಲ್ಲ ಎಂಬುದು 1837ರ ಡಿರಿಕ್ಲೆ ಪ್ರಮೇಯದಿಂದ ಖಚಿತ.

ಹರಿಹರದ್ದನ್ನು ಖಾಲಿ ಬಿಟ್ಟಿದ್ದೇನೆ. ಹರಿಹರದವರು ಯಾರಾದರೂ ಇದ್ದರೆ ಒಂದು ಕೈ ನೋಡಿ.

ತುಂಗಾತೀರ (ಹರಿಹರ)

ಇದ್ದೇನೆ ಸರ್. ಮಂಡಿಪೇಟೆಯವರು ಮೇಲೆ 760² = 577600 ಎಂದು ಬರೆದಿದ್ದಾರೆ. ಅದಕ್ಕೆ ಒಂದು ಕೂಡಿಸಿದರೆ ಹರಿಹರ. 577601 = 760² + 1.

ಇದರಿಂದ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಒಂದು ಬೆಸ ಅವಿಭಾಜ್ಯ 760² + 1ನ್ನು ಭಾಗಿಸುವುದಾದರೆ, ಅದರ ಶೇಷದ ಲೋಕದಲ್ಲಿ 760² ಎಂದರೆ −1, 760⁴ ಎಂದರೆ 1. ಅಂದರೆ 760ರ ಆವರ್ತ (ಶೇಷ ಮೊದಲ ಸಲ 1 ಆಗುವ ಘಾತ) ಸರಿಯಾಗಿ 4, ಅದು ಆ ಅವಿಭಾಜ್ಯದಿಂದ 1 ಕಳೆದ ಸಂಖ್ಯೆಯನ್ನು ಭಾಗಿಸಲೇಬೇಕು. ಹಾಗಾಗಿ 4ರಿಂದ ಭಾಗಿಸಿ 1 ಉಳಿಯುವ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು. 760ರೊಳಗಿನ 134ರಲ್ಲಿ ಅಂಥವು 63. ಮಿಕ್ಕ 71 ಮುಟ್ಟುವುದೇ ಬೇಡ.

ಇನ್ನೊಂದು ಸುಲಭ: 577601ನ್ನೇ ಭಾಗಿಸುತ್ತಾ ಕೂರಬೇಡಿ. 760ರ ಶೇಷ ತೆಗೆದು, ವರ್ಗ ಮಾಡಿ, 1 ಕೂಡಿಸಿ. 109ಕ್ಕೆ: 760 = 763 − 3, ಆದ್ದರಿಂದ 9 + 1 = 10. 193ಕ್ಕೆ: 760 = 772 − 12, ಉತ್ತರ 145. 349ಕ್ಕೆ: 760ರ ಶೇಷ 62, 62² + 1 = 3845, ಅದು 349 × 11 + 6; ಹತ್ತಿರ ಬಂದು ತಪ್ಪಿತು. 757ಕ್ಕೆ: ಶೇಷ 3, ಮತ್ತೆ 10. ಶೇಷ ದೊಡ್ಡದಾದರೆ ಋಣ ರೂಪಕ್ಕೆ ತಿರುಗಿಸಿಕೊಳ್ಳಿ, ವರ್ಗ ಸಣ್ಣದಾಗುತ್ತದೆ.

ಅರವತ್ತಮೂರನ್ನೂ ನೋಡಿ ಮುಗಿಸಿದೆ. ಎಲ್ಲಿಯೂ ಶೇಷ ಸೊನ್ನೆ ಬರಲಿಲ್ಲ. 577601 ಅವಿಭಾಜ್ಯ.

ಗಣಿತದ ಮೇಡಂ (ಚಳ್ಳಕೆರೆ)

ತುಂಗಾತೀರ ಅವರೇ, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ! ಎರಡು ಮಾತು ಸೇರಿಸುತ್ತೇನೆ.

ಏಳೂ ಪದಗಳಿಗೆ 4ರ ಶೇಷ 1. ಆದರೆ ಎರಡು ವರ್ಗಗಳ ಮೊತ್ತವಾಗುವುದು ಹರಿಹರ ಒಂದೇ: 760² + 1². ಅವಿಭಾಜ್ಯವಾದ್ದರಿಂದ ಬೇರೆ ಯಾವ ರೀತಿಯಲ್ಲೂ ಹಾಗೆ ಬರೆಯಲಾಗದು. ಉಳಿದ ಆರರಲ್ಲೂ 3 ಉಳಿಸುವ ಅವಿಭಾಜ್ಯಗಳು ಜೋಡಿಯಾಗಿ ಕೂತಿವೆ: 3 ಮತ್ತು 7, 19 ಮತ್ತು 1787, 47 ಮತ್ತು 71, 3 ಮತ್ತು 11, ಜೊತೆಗೆ ನಮ್ಮ ಎರಡು ಬ್ಲಮ್ ಜೋಡಿ.

ಎರಡನೆಯದು, ಪೂರ್ಣ ವರ್ಗಕ್ಕೆ 1 ಕೂಡಿಸಿದಾಗ ಬರುವ ಅವಿಭಾಜ್ಯಗಳು ಅನಂತವೇ ಎಂಬುದು ಇನ್ನೂ ಬಗೆಹರಿದಿಲ್ಲ. 1912ರಲ್ಲಿ ಲಾಂಡೌ ಪಟ್ಟಿ ಮಾಡಿದ ನಾಲ್ಕು ಸಮಸ್ಯೆಗಳಲ್ಲಿ ಇದೂ ಒಂದು. ಹೆಚ್ಚೆಂದರೆ ಎರಡು ಅವಿಭಾಜ್ಯ ಅಪವರ್ತನಗಳಿರುವ ಇಂಥ ಸಂಖ್ಯೆಗಳು ಅನಂತ ಎಂದು 1978ರಲ್ಲಿ ಇವಾನಿಯೆಟ್ಸ್ ಸಾಧಿಸಿದರು. ಹೊಸದುರ್ಗದವರು ಹೇಳಿದ 577 = 24² + 1 ಕೂಡ ಇದೇ ಕುಲದ್ದು.

ಮಂಡಿಪೇಟೆ ಲೆಕ್ಕ (ದಾವಣಗೆರೆ)

ಅಪವರ್ತನ ಹುಡುಕದೆ, ಅವಿಭಾಜ್ಯ ಅಲ್ಲ ಎಂದಷ್ಟೇ ತೋರಿಸಲು ಫರ್ಮಾ ಪರೀಕ್ಷೆ ಐತಲ್ಲ. 2ನ್ನು 577500ನೇ ಘಾತಕ್ಕೆ ಏರಿಸಿ 577501ರಿಂದ ಭಾಗಿಸಿದರೆ 1 ಬರದಿದ್ದರೆ ಸಂಯುಕ್ತ. ಮೊಬೈಲ್‌ನಲ್ಲಿ 2^577500 ಒತ್ತಿದರೆ ಎರರ್ ಬರುತ್ತದೆ. ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ ಮಾಡಲಾಗುತ್ತದಾ?

ಶೇಷಶೂನ್ಯ (ದಾವಣಗೆರೆ)

12 ಅಂಕಿಯ ಅಂಗಡಿ ಕ್ಯಾಲ್ಕುಲೇಟರ್ ಸಾಕು. ಶೇಷ ಎಂದೂ 577500 ದಾಟುವುದಿಲ್ಲ, ಅದರ ವರ್ಗ 333506250000, ಸರಿಯಾಗಿ 12 ಅಂಕಿ. ಹತ್ತೇ ಅಂಕಿ ತೋರಿಸುವ ಕ್ಯಾಲ್ಕುಲೇಟರ್ ಬೇಡ, ಕೊನೆಯ ಅಂಕಿಗಳು ಮರೆಯಾಗುತ್ತವೆ. ಶೇಷ ನಿರ್ಧಾರವಾಗುವುದೇ ಆ ಅಂಕಿಗಳಿಂದ.

577500ನ್ನು ದ್ವಿಮಾನಕ್ಕೆ ಬರೆಯಿರಿ: 1000 1100 1111 1101 1100. ಎಡದಿಂದ ಶುರು. ಮೊದಲ 1ಕ್ಕೆ 2 ಇಟ್ಟುಕೊಳ್ಳಿ. ಮುಂದಿನ ಪ್ರತಿ ಅಂಕಿಗೂ ವರ್ಗ ಮಾಡಿ. ಅಂಕಿ 1 ಆಗಿದ್ದರೆ ಎರಡರಿಂದ ಗುಣಿಸಿ. 577501 ದಾಟಿದರೆ ಶೇಷಕ್ಕೆ ಇಳಿಸಿ. 2, 4, 16, 256; ಐದನೇ ಅಂಕಿ 1, ಆದ್ದರಿಂದ 256² × 2 = 131072. ಆರನೆಯದೂ 1: 131072² = 17179869184. ಇದನ್ನು 577501ರಿಂದ ಭಾಗಿಸಿದರೆ 29748 ಚಿಲ್ಲರೆ. 29748 × 577501 = 17179499748 ಕಳೆದರೆ 369436. ಎರಡರಿಂದ ಗುಣಿಸಿ 738872, ಅದರಲ್ಲಿ 577501 ಕಳೆದು 161371. ಹೀಗೆ ಒಟ್ಟು 19 ವರ್ಗ, 11 ದ್ವಿಗುಣ. ಕೊನೆಗೆ ಬರುವುದು 316111. ಅದು 1 ಅಲ್ಲ, ಆದ್ದರಿಂದ 577501 ಸಂಯುಕ್ತ.

ಸಾಮಾನ್ಯವಾಗಿ ಕೆಡುವುದು ಶೇಷ ತೆಗೆಯುವಲ್ಲಿ. ಭಾಗಲಬ್ಧದ ದಶಮಾಂಶ ಭಾಗವನ್ನು 577501ರಿಂದ ಗುಣಿಸಬೇಡಿ, ದುಂಡಾದ ಅಂಕಿಯಿಂದ ಒಂದೆರಡು ಹೆಚ್ಚು ಕಡಿಮೆ ಬರುತ್ತದೆ, ಒಂದು ಹೆಜ್ಜೆಯಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ಹಾಳು. ಪೂರ್ಣಾಂಕ ಭಾಗ ಮಾತ್ರ ಬರೆದುಕೊಂಡು, ಗುಣಿಸಿ, ಕಳೆಯಿರಿ. ಪ್ರತಿ ಗುಣಾಕಾರಕ್ಕೂ 9ರ ತಾಳೆ (9ರಿಂದ ಭಾಗಿಸಿದ ಶೇಷಗಳು ಹೊಂದುತ್ತವೆಯೇ ಎಂಬ ಪರೀಕ್ಷೆ) ಜೊತೆಗೆ 11ರ ತಾಳೆಯೂ ನೋಡಿ. ಎರಡು ಅಂಕಿ ಸ್ಥಾನ ಬದಲಾಗಿದ್ದರೆ 9ರ ತಾಳೆಗೆ ಗೊತ್ತಾಗುವುದಿಲ್ಲ. ಮತ್ತೆ, ಉತ್ತರ 1 ಬಂದಿತು ಎಂಬ ಮಾತ್ರಕ್ಕೆ ಅವಿಭಾಜ್ಯ ಎನ್ನುವಂತಿಲ್ಲ: 341 = 11 × 31, ಆದರೂ 2³⁴⁰ರ ಶೇಷ 1.

ಕೋಟೆಬುರುಜು (ಚಿತ್ರದುರ್ಗ)

1ನ್ನು 577501ರಿಂದ ಭಾಗಿಸಿದರೆ ದಶಮಾಂಶ ಎಷ್ಟು ಅಂಕಿಗೊಮ್ಮೆ ಮರುಕಳಿಸುತ್ತದೆ?

ಶೇಷಶೂನ್ಯ (ದಾವಣಗೆರೆ)

710. 271ಕ್ಕೆ ಆವರ್ತ 5, ಏಕೆಂದರೆ 99999 = 271 × 369; ಅಂದರೆ 1/271 = 0.00369 00369 ಹೀಗೆ. 2131ಕ್ಕೆ ಆವರ್ತ 2130ರ ಅಪವರ್ತನವಾಗಿರಬೇಕು. 2131ರ ಲೆಕ್ಕದಲ್ಲಿ 10³⁰ರ ಶೇಷ 9, ಆದ್ದರಿಂದ ಆವರ್ತದಲ್ಲಿ 71 ಇರಲೇಬೇಕು. 10⁴²⁶ರ ಶೇಷ 1780, ಆದ್ದರಿಂದ 5 ಬೇಕು. 10³⁵⁵ರ ಶೇಷ −1, ಆದ್ದರಿಂದ 2 ಬೇಕು. 10⁷¹⁰ಕ್ಕೆ 1 ಬರುತ್ತದೆ, 3 ಬೇಕಿಲ್ಲ. 5 ಮತ್ತು 710ರ ಲ.ಸಾ.ಅ. 710.

ಹೊಸದುರ್ಗದವ (ಹೊಸದುರ್ಗ)

ಹರಿಹರದ 63ರ ಲೆಕ್ಕವನ್ನು ನಾನೂ ಮಾಡುತ್ತಿದ್ದೇನೆ. 733ಕ್ಕೆ ಬಂದಾಗ 760ರ ಶೇಷ 27, 27² + 1 = 730. ಇದು 733ರ ಅಪವರ್ತ್ಯವಾಗುತ್ತದೆಯೋ ಇಲ್ಲವೋ ಎಂದು ಅನುಮಾನ ಬಂತು. ತುಂಗಾತೀರ ಅಣ್ಣಾ, ಒಮ್ಮೆ ನೋಡಿ ಹೇಳಿ.

ತುಂಗಾತೀರ (ಹರಿಹರ)

730 ಎಂಬುದು 733ಕ್ಕಿಂತ ಮೂರು ಕಡಿಮೆ. ಶೇಷ 730, ಅಥವಾ −3 ಎನ್ನಿ, ಸೊನ್ನೆಯಲ್ಲ. 733 × 788 = 577604 ಗುಣಿಸಿ ನೋಡಿದರೂ ಮೂರು ಹೆಚ್ಚು. ಇನ್ನು ನಿಮಗೆ ಉಳಿದಿರುವುದು 757 ಒಂದೇ.